ನಂಗ್ ಮೀನು: ಪದೇ ಪದೇ ಕೇಳುವ ಪ್ರಶ್ನೆಗಳು

ಬುಟ್ಟಿಯಲ್ಲಿ ಬಿದ್ದಿರುವ ನಂಗನ್ನು ಕಂಡು ಮುಖ ತಿರುಗಿಸಿದ ಘಟ್ಟದ ಮೇಲಿನ ನೆಂಟರು ಅದೇ ಮೀನು ಕಾವಲಿಯಿಂದ ಬಟ್ಟಲಿಗೆ ಬಂದಾಗ "ಇನ್ನೆರಡು ಹಾಕಿ" ಅಂದದ್ದನ್ನು ನಮ್ಮ ಮನೆಯಲ್ಲೇ ಎಷ್ಟೋ ಸಲ ಕಂಡಿದ್ದೇನೆ. ಉಂಡು ಎದ್ದವರು ಕೈ ತೊಳೆಯುತ್ತಾ ಕೇಳಿದ ಪ್ರಶ್ನೆಗಳು, ಊರು ಬಿಟ್ಟು ದೂರ ಹೋದವರು ಬರೆದು ಕೇಳಿದವು, ಮೀನು ಮಾರ್ಕೆಟ್ಟಿನಲ್ಲಿ ಪಕ್ಕದಲ್ಲಿ ನಿಂತವರು ಕೇಳಿದವು ಇಲ್ಲಿವೆ. ಕೇಳಿದವರ ಮಾತನ್ನು ತಿದ್ದಿಲ್ಲ.

## ಮೀನಿನ ಪರಿಚಯ

"ನಂಗ್ ಅಂದ್ರೆ ಎಂತ ಮೀನು? ನಮ್ಮೂರಲ್ಲಿ ಬೇರೆ ಹೆಸರು ಉಂಟಾ?"

ನಾಲಿಗೆಯ ಆಕಾರದ, ಚಪ್ಪಟೆಯಾದ, ಗೇಣುದ್ದಕ್ಕೂ ಬೆಳೆಯದ ಮೀನು. ಒಂದು ಮಗ್ಗುಲು ಕಂದು, ಇನ್ನೊಂದು ಮಗ್ಗುಲು ಬಿಳಿ. ಉಡುಪಿ, ದಕ್ಷಿಣ ಕನ್ನಡದಲ್ಲಿ ನಂಗ್ ಅಥವಾ ನಂಗು. ಕೊಂಕಣಿಯವರು ಲೆಪ್ಪೊ ಅನ್ನುತ್ತಾರೆ, ಕೇರಳದವರಿಗೆ ಇದು ಮಾಂತಳ್. ಇಂಗ್ಲಿಷಿನಲ್ಲಿ ಮಲಬಾರ್ ಸೋಲ್. ಶಾಸ್ತ್ರೀಯ ಹೆಸರು ಸೈನೋಗ್ಲಾಸಸ್ ಮ್ಯಾಕ್ರೋಸ್ಟೋಮಸ್, 1928ರಲ್ಲಿ ನಾರ್ಮನ್ ಎಂಬ ವಿಜ್ಞಾನಿ ಕೊಟ್ಟದ್ದು. ಸೈನೋಗ್ಲಾಸಸ್ ಎಂದರೆ ಗ್ರೀಕ್ ಭಾಷೆಯಲ್ಲಿ ನಾಯಿಯ ನಾಲಿಗೆ. ಒಮ್ಮೆ ಮೀನನ್ನು ನೋಡಿದರೆ ಆ ಹೆಸರು ಮರೆತುಹೋಗುವುದಿಲ್ಲ. ಇದೇ ಕುಲದ ಮೊಳದಷ್ಟು ಬೆಳೆಯುವ ಜಾತಿಗಳೂ ಬಲೆಗೆ ಬೀಳುತ್ತವೆ, ಅವನ್ನು ದೊಡ್ಡ ನಂಗ್ ಎಂದು ಬೇರೆ ಬೆಲೆಗೆ ಮಾರುತ್ತಾರೆ. ಈ ಪುಟದಲ್ಲಿ ಹೇಳುತ್ತಿರುವುದು ಸಣ್ಣ ನಂಗಿನ ಬಗ್ಗೆ.

"ಎರಡೂ ಕಣ್ಣು ಒಂದೇ ಬದಿಗೆ ಯಾಕೆ? ಹುಟ್ಟುವಾಗಲೇ ಹಾಗಾ?"

ಹುಟ್ಟುವಾಗ ಹಾಗಿರುವುದಿಲ್ಲ. ಮೊಟ್ಟೆಯೊಡೆದು ಬಂದ ಮರಿಗೆ ಬಂಗುಡೆ, ಬೂತಾಯಿಯ ಮರಿಗಳ ಹಾಗೆಯೇ ತಲೆಯ ಆಚೆಗೊಂದು ಈಚೆಗೊಂದು ಕಣ್ಣು, ನೆಟ್ಟಗೆ ಈಜುತ್ತದೆ. ಸ್ವಲ್ಪ ಬೆಳೆದ ಮೇಲೆ ಬಲಗಣ್ಣು ನಿಧಾನವಾಗಿ ತಲೆಯನ್ನು ದಾಟಿ ಎಡಬದಿಗೆ ಬಂದು ಸೇರುತ್ತದೆ, ತಲೆಬುರುಡೆಯ ಎಲುಬೂ ಅದರೊಂದಿಗೆ ತಿರುಚಿಕೊಳ್ಳುತ್ತದೆ. ಆಮೇಲೆ ಮೀನು ಬಲಮಗ್ಗುಲಲ್ಲಿ ಮಲಗಿ ಕೆಸರಿನ ತಳಕ್ಕೆ ಒಗ್ಗಿಕೊಳ್ಳುತ್ತದೆ. ಮೇಲಿನ ಮಗ್ಗುಲಿಗೆ ಕೆಸರಿನ ಬಣ್ಣ ಬರುತ್ತದೆ. ಕೆಳಗಿನ ಮಗ್ಗುಲನ್ನು ಯಾರೂ ನೋಡುವುದಿಲ್ಲವಾದ್ದರಿಂದ ಅದು ಬಿಳಿಯಾಗಿಯೇ ಉಳಿಯುತ್ತದೆ. ಮುಖ ಸೊಟ್ಟ ಕಾಣುವುದು, ಬಾಯಿ ಕೊಕ್ಕೆಯ ಹಾಗೆ ಬಾಗಿರುವುದು ಎಲ್ಲ ಈ ಹೊರಳಾಟದ ಗುರುತು.

"ನೋಡೋಕೇ ಒಂಥರಾ ಇದೆ. ತಿನ್ನೋಕೆ ನಿಜವಾಗ್ಲೂ ಚೆನ್ನಾಗಿರುತ್ತಾ?"

ಚೆನ್ನಾಗಿರುತ್ತದೆ. ಕೊಬ್ಬು ಕಡಿಮೆ, ಮಾಂಸ ಬಿಳಿ, ಎಳೆ ಸಣ್ಣ. ಬೂತಾಯಿಯ ಗಾಢವಾದ ಎಣ್ಣೆವಾಸನೆ ಇದಕ್ಕಿಲ್ಲ. ಹೊಸತಾಗಿ ಮೀನು ತಿನ್ನುವವರಿಗೆ ನಾನು ಮೊದಲು ಬಡಿಸುವುದೇ ನಂಗನ್ನು. ಚರ್ಮ ಸುಲಿಯದೆ ಬೇಯಿಸಿದ್ದನ್ನು ತಿಂದು "ಕೆಸರು ವಾಸನೆ" ಅಂದವರು ಇನ್ನೊಮ್ಮೆ ಸುಲಿದ ಮೀನನ್ನು ತಿಂದು ನೋಡಬೇಕು.

"ಇದರ ಲೋಳೆ ವಿಷ ಅಂತಾರಲ್ಲ ಅಕ್ಕಾ?"

ನಂಗಿನ ಲೋಳೆಯಲ್ಲಿ ವಿಷವಿಲ್ಲ, ರೆಕ್ಕೆಯಲ್ಲಿ ಚುಚ್ಚುವ ಮುಳ್ಳೂ ಇಲ್ಲ. ಈ ಮಾತು ಹುಟ್ಟಿದ್ದು ಕೆಂಪು ಸಮುದ್ರದ ಬೇರೊಂದು ಚಪ್ಪಟೆ ಮೀನಿನಿಂದ ಇರಬೇಕು. ಅದರ ಹೆಸರು ಮೋಸೆಸ್ ಸೋಲ್. ರೆಕ್ಕೆಗಳ ಬುಡದಿಂದ ಅದು ಹಾಲಿನಂಥ ದ್ರವ ಬಿಡುತ್ತದೆ, ತಾಟೆ ಮೀನು ಅಂದರೆ ಶಾರ್ಕ್ ಕೂಡ ಬಾಯಿ ಹಾಕಲು ಹಿಂಜರಿಯುತ್ತದೆ ಎಂದು ಯೂಜೀನಿ ಕ್ಲಾರ್ಕ್ ಎಂಬ ವಿಜ್ಞಾನಿ 1970ರ ದಶಕದಲ್ಲಿ ತೋರಿಸಿಕೊಟ್ಟರು. ಅರಬ್ಬರು ಸೋಲ್ ಮೀನನ್ನು ಮೂಸಾನ (ಅಂದರೆ ಮೋಸೆಸ್‌ನ) ಮೀನು ಅನ್ನುತ್ತಾರೆ. ಮೂಸಾ ಕಡಲನ್ನು ಸೀಳಿದಾಗ ನಡುವೆ ಸಿಕ್ಕಿದ ಮೀನು ಎರಡು ಹೋಳಾಗಿ ಚಪ್ಪಟೆಯಾಯಿತು ಎಂಬುದು ಅವರ ಕಥೆ.

## ಹಿಡಿಯುವುದು

"ಯಾವ ತಿಂಗಳಲ್ಲಿ ಜಾಸ್ತಿ ಸಿಕ್ತದೆ?"

ಮಳೆಗಾಲ ಇಳಿದ ಮೇಲೆ. ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಬೋಟುಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ರಜೆ. ಶ್ರಾವಣದ ನೂಲ ಹುಣ್ಣಿಮೆಗೆ ಮಲ್ಪೆಯ ವಡಭಾಂಡೇಶ್ವರದಲ್ಲಿ ಸಮುದ್ರಪೂಜೆ ಮಾಡಿ, ಕಡಲಿಗೆ ಹಾಲು, ತೆಂಗಿನಕಾಯಿ ಅರ್ಪಿಸುತ್ತಾರೆ. ಆ ಹೊತ್ತಿನಿಂದ ನವೆಂಬರ್‌ವರೆಗೆ ನಂಗಿನ ಒಳ್ಳೆಯ ಕಾಲ. ಮಳೆಗಾಲದಲ್ಲಿ ಕಡಲು ಕಲಕಿ ತಳದ ಹುಳುಗಳು ಕಡಿಮೆಯಾಗಿರುತ್ತವೆ. ಮಳೆ ನಿಂತ ಮೇಲೆ ಅವು ಮತ್ತೆ ಹೆಚ್ಚುತ್ತವೆ. ನಂಗಿನ ಮುಖ್ಯ ಆಹಾರ ಆ ಹುಳುಗಳೇ. ಈ ಕಾಲದಲ್ಲಿ ನಂಗ್ ಗುಂಪುಗುಂಪಾಗಿ ದಡದ ಹತ್ತಿರದ ಕೆಸರಿಗೆ ಬರುತ್ತದೆ. ಡಿಸೆಂಬರ್ ದಾಟಿದ ಮೇಲೂ ಸಿಗುತ್ತದೆ, ಆದರೆ ರಾಶಿ ರಾಶಿಯಾಗಿ ಅಲ್ಲ.

"ಯಾವ ಬಲೆಗೆ ಬೀಳ್ತದೆ ಇದು?"

ತಳಕ್ಕೆ ತಾಗಿಕೊಂಡು ಹೋಗುವ ಬಲೆಗೆ. ಇವತ್ತು ಧಕ್ಕೆಗೆ, ಅಂದರೆ ಬೋಟು ನಿಲ್ಲುವ ಕಟ್ಟೆಗೆ ಬರುವ ನಂಗಿನಲ್ಲಿ ಹೆಚ್ಚಿನ ಪಾಲು ತಳದಲ್ಲಿ ಬಲೆ ಎಳೆದುಕೊಂಡು ಹೋಗುವ ಟ್ರಾಲ್ ಬೋಟಿನದು. ಬೆಳಗಿನ ಜಾವ ಹೋಗಿ ಸಂಜೆಗೆ ಮರಳುವ ಸಣ್ಣ ಟ್ರಾಲ್ ಬೋಟುಗಳು ತರುವ ಮೀನು ತಾಜಾ. ದಿನಗಟ್ಟಲೆ ಕಡಲಲ್ಲೇ ಇದ್ದು ಬರುವ ಬೋಟುಗಳಲ್ಲಿ ನಂಗ್ ಐಸಿನಡಿ ಎಷ್ಟು ದಿನ ಮಲಗಿತ್ತೋ ಹೇಳಲಾಗದು.

ನನಗೆ ಹೆಚ್ಚು ಇಷ್ಟದ್ದು ಕೈರಂಪಣಿಯ ನಂಗ್. ದೋಣಿಯಲ್ಲಿ ಬಲೆಯನ್ನು ಅರ್ಧಚಂದ್ರದ ಹಾಗೆ ಸುತ್ತ ಬಿಟ್ಟು, ಎರಡೂ ತುದಿಯ ಹಗ್ಗ ಹಿಡಿದು ಹತ್ತಾರು ಜನ ಮರಳಿನ ಮೇಲೆ ನಿಂತು ಎಳೆಯುತ್ತಾರೆ. ಬಲೆಯ ಕೆಳಅಂಚು ಮರಳು ಉಜ್ಜುತ್ತಾ ಬರುವುದರಿಂದ ತಳದಲ್ಲಿ ಮಲಗಿದ ನಂಗ್ ತಪ್ಪಿಸಿಕೊಳ್ಳುವುದಿಲ್ಲ. ಹಿಂದೆ ಇದರ ಅಣ್ಣನಂತಿದ್ದ ದೊಡ್ಡ ರಂಪಣಿ ಇತ್ತು. ಊರಿಗೆ ಊರೇ ಕೂಡಿ ಎಳೆಯುತ್ತಿತ್ತು. 1970ರ ದಶಕದ ಕೊನೆಗೆ ಮೀನಿನ ಗುಂಪನ್ನೇ ಬಲೆಯಿಂದ ಸುತ್ತುವರಿದು ಹಿಡಿಯುವ ಪರ್ಸೀನ್ ಬೋಟುಗಳು ಬಂದ ಮೇಲೆ ರಂಪಣಿ ಬಹುತೇಕ ಮರೆಯಾಯಿತು. ಕೈರಂಪಣಿ ಮಾತ್ರ ಕೆಲವು ಕಡಲತೀರಗಳಲ್ಲಿ ಉಳಿದಿದೆ. ಎಳೆದು ಮುಗಿದಾಗ ಬಲೆಯ ಹೊಟ್ಟೆಯಲ್ಲಿ ಇನ್ನೂ ಮಿಸುಕಾಡುವ ನಂಗ್ ಸಿಗುತ್ತದಲ್ಲ, ಅದರ ರುಚಿ ಬೇರೆಯೇ.

ನಾಡದೋಣಿಯವರ ಬಾಯಲ್ಲಿ "ತೂಫಾನ್ ಆಗಲಿಲ್ಲ" ಎಂಬ ಮಾತು ಕೇಳಿರಬಹುದು. ಮಳೆಗಾಲದಲ್ಲಿ ಕಡಲು ಒಮ್ಮೆ ಜೋರಾಗಿ ಎದ್ದು ತಳದ ಕೆಸರು ಕದಡಿದರೆ ಸಿಗಡಿ ಮತ್ತು ತಳದ ಮೀನುಗಳು ದಡಕ್ಕೆ ಬರುತ್ತವೆ ಎಂಬುದು ಅವರ ಅನುಭವ. ಹಾಗೆ ಕದಡದಿದ್ದರೆ ದೋಣಿ ಇಳಿಸಿಯೂ ಪ್ರಯೋಜನವಿಲ್ಲ.

"ಗಾಳ ಹಾಕಿ ಹಿಡೀಬಹುದಾ?"

ಇದರ ಹಿಂದೆ ಗಾಳ ಹಿಡಿದು ಕೂರುವುದು ಬೇಡ. ಬಾಯಿ ಬಹಳ ಚಿಕ್ಕದು, ಅದೂ ಸೊಟ್ಟ, ಕೆಳಮುಖ. ಅಳಿವೆಯ ಹತ್ತಿರ ಮರಳುತಳ ಇರುವಲ್ಲಿ ತೀರಾ ಸಣ್ಣ ಗಾಳಕ್ಕೆ ಹುಳು ಸಿಕ್ಕಿಸಿ ತಳದಲ್ಲೇ ಬಿಟ್ಟರೆ ಅಪರೂಪಕ್ಕೊಂದು ಸಿಕ್ಕೀತು. ಗಾಳದವರಿಗೆ ಕೆಂಬೇರಿ ಇದೆ, ಕಾಣೆ ಇದೆ. ಅಳಿವೆಯಲ್ಲಿ ಬೀಸುಬಲೆ ಹಾಕುವವರಿಗೆ ಆಗಾಗ ನಂಗ್ ಬೀಳುವುದುಂಟು. ಮಳೆಗಾಲದಲ್ಲಿ ತಡೆಗೋಡೆಯ ಕಲ್ಲುಗಳ ಮೇಲೆ ನಿಲ್ಲುವ ಸಾಹಸ ಮಾತ್ರ ಯಾವ ಮೀನಿಗಾಗಿಯೂ ಬೇಡ.

"ಕೈರಂಪಣಿ ಎಳೆಯಲು ನಾವೂ ಸೇರಿಕೊಳ್ತೇವೆ, ಎಂತದಕ್ಕೆ ಹೆದರ್ಬೇಕು?"

ತೊರಕೆಗೆ, ಇಂಗ್ಲಿಷಿನ ಸ್ಟಿಂಗ್‌ರೇಗೆ. ನಂಗಿನ ಹಾಗೆ ಅದೂ ತಳದಲ್ಲಿ ಚಪ್ಪಟೆಯಾಗಿ ಮಲಗುತ್ತದೆ, ಒಂದೇ ಬಲೆಯಲ್ಲಿ ಎರಡೂ ಬರುತ್ತವೆ. ಅದರ ಬಾಲದ ಬುಡದಲ್ಲಿ ವಿಷದ ಮುಳ್ಳು ಇದೆ. ನೀರಿನಲ್ಲಿ ಹೆಜ್ಜೆ ಎತ್ತಿಡದೆ ಪಾದವನ್ನು ಮರಳಿನಲ್ಲಿ ಜಾರಿಸುತ್ತಾ ನಡೆಯಿರಿ, ಆಗ ತೊರಕೆ ತಾನೇ ಸರಿದು ಹೋಗುತ್ತದೆ. ಬಲೆಯ ರಾಶಿಗೆ ಬರಿಗೈ ಹಾಕಬೇಡಿ. ಚುಚ್ಚಿಸಿಕೊಂಡರೆ ಆ ಭಾಗವನ್ನು ತಾಳಿಕೊಳ್ಳಬಹುದಾದಷ್ಟು ಬಿಸಿಯಾದ ನೀರಿನಲ್ಲಿ ಅರ್ಧ ಗಂಟೆಯಿಂದ ಒಂದೂವರೆ ಗಂಟೆ ಮುಳುಗಿಸಿಡಿ, ನೋವು ಇಳಿಯುತ್ತದೆ. ನೀರು ಚರ್ಮ ಸುಡುವಷ್ಟು ಬಿಸಿ ಇರಬಾರದು. ನೋವಿನಲ್ಲಿ ಇರುವವರಿಗೆ ಅದು ತಿಳಿಯುವುದಿಲ್ಲ, ಇನ್ನೊಬ್ಬರು ಕೈಯಿಟ್ಟು ನೋಡಬೇಕು. ನೋವು ಇಳಿದರೂ ಆಸ್ಪತ್ರೆಗೆ ಹೋಗಲೇಬೇಕು. ಮುಳ್ಳಿನ ಚೂರು ಒಳಗೆ ಉಳಿದಿರಬಹುದು. ಎದೆ, ಹೊಟ್ಟೆ, ಕುತ್ತಿಗೆಗೆ ಚುಚ್ಚಿದ್ದರೆ ಬಿಸಿನೀರಿಗೆ ಕಾಯದೆ ಸೀದಾ ಆಸ್ಪತ್ರೆಗೆ ಒಯ್ಯಿರಿ.

## ಕೊಳ್ಳುವುದು, ಸುಲಿಯುವುದು

"ಫ್ರೆಶ್ ಇದೆಯಾ ಅಂತ ಹೇಗೆ ನೋಡೋದು? ಕಣ್ಣೇ ಸರಿಯಾಗಿ ಕಾಣಲ್ಲ."

ನಂಗಿನ ಕಣ್ಣು ಸಾಸಿವೆಯಷ್ಟು, ಅದನ್ನು ನಂಬಿ ಕೂರಬೇಡಿ. ತಲೆಯ ಬಳಿ ಹಿಡಿದು ಅಡ್ಡಕ್ಕೆ ಎತ್ತಿ ನೋಡಿ: ತಾಜಾ ಮೀನು ಸ್ವಲ್ಪ ಬಿಗಿಯಾಗಿ ನಿಲ್ಲುತ್ತದೆ, ಹಳತು ಒದ್ದೆ ಬಟ್ಟೆಯ ಹಾಗೆ ಜೋತು ಬೀಳುತ್ತದೆ. ಬಿಳಿ ಮಗ್ಗುಲು ಬೆಳ್ಳಗಿರಬೇಕು; ಹಳದಿ ಅಥವಾ ನೇರಳೆ ಛಾಯೆ ಬಂದಿದ್ದರೆ ಬಿಡಿ. ತಲೆಯ ಹಿಂದಿನ ಸಣ್ಣ ಹೊಟ್ಟೆಯ ಭಾಗ ಒಡೆದಿರಬಾರದು, ಕೆಡುವುದು ಅಲ್ಲಿಂದಲೇ ಶುರು. ಸುಲಿದಿಟ್ಟ ಮೀನಿನಲ್ಲಿ ಈ ಗುರುತುಗಳೆಲ್ಲ ಹೋಗಿರುತ್ತವೆ. ಹಾಗಾಗಿ ಇಡೀ ಮೀನು ಆರಿಸಿ, ಕಣ್ಣೆದುರೇ ಸುಲಿಸಿಕೊಳ್ಳಿ.

"ಚರ್ಮ ಹೇಗೆ ತೆಗೆಯೋದು? ನಾನು ಮಾಡಿದ್ರೆ ಮಾಂಸವೂ ಕಿತ್ತು ಬರ್ತದೆ."

ಮಾರ್ಕೆಟ್ಟಿನಲ್ಲಿ ಮೀನು ಮಾರುವ ಹೆಂಗಸರು ಒಂದು ನಂಗನ್ನು ಕೆಲವೇ ಸೆಕೆಂಡಿನಲ್ಲಿ ಸುಲಿಯುತ್ತಾರೆ. ಅವರ ಬೆರಳನ್ನೇ ನೋಡುತ್ತಾ ನಾನು ಕಲಿತದ್ದು ಹೀಗೆ.

ಮೀನನ್ನು ಕಂದು ಮಗ್ಗುಲು ಮೇಲೆ ಮಾಡಿ ಹಲಗೆಯ ಮೇಲಿಡಿ. ಕೈಗೆ ಕಲ್ಲುಪ್ಪು ಅಥವಾ ಒಲೆಯ ಬೂದಿ ಹಚ್ಚಿಕೊಳ್ಳಿ, ಇಲ್ಲದಿದ್ದರೆ ಜಾರುತ್ತದೆ. ತಲೆಯನ್ನು ಓರೆಯಾಗಿ ಕತ್ತರಿಸಿ, ಪೂರ್ತಿ ಬೇರ್ಪಡಿಸದೆ ಅಡಿಯ ಚರ್ಮದಲ್ಲಿ ನೇತಾಡುವಂತೆ ಬಿಟ್ಟರೆ ಕರುಳು ಅದರ ಜೊತೆಗೇ ಬರುತ್ತದೆ. ಈಗ ಕೊಯ್ದ ಅಂಚಿನಲ್ಲಿ ಕಂದು ಚರ್ಮವನ್ನು ಉಗುರಿನಿಂದ ಸ್ವಲ್ಪ ಎಬ್ಬಿಸಿ. ಒಂದು ಕೈಯ ಹೆಬ್ಬೆರಳು ಮಾಂಸವನ್ನು ಒತ್ತಿ ಹಿಡಿದಿರಲಿ, ಇನ್ನೊಂದು ಕೈ ಚರ್ಮವನ್ನು ಬಾಲದ ಕಡೆಗೆ ಎಳೆಯಲಿ.

ಮಾಂಸ ಕಿತ್ತು ಬರುವುದು ಹೆಚ್ಚಾಗಿ ಮೇಲಕ್ಕೆ ಎಳೆಯುವುದರಿಂದ. ಚರ್ಮವನ್ನು ಮೀನಿನ ಮೈಗೆ ತಾಗಿದಂತೆ ಮಡಚಿ ಹಿಂದಕ್ಕೆ ಎಳೆಯಬೇಕು, ಬಾಳೆದಿಂಡಿನ ಪಟ್ಟೆ ಬಿಡಿಸುವ ಹಾಗೆ. ಇನ್ನೊಂದು ಕಾರಣ ಮೀನು ಹಳತಾಗಿರುವುದು, ಅದಕ್ಕೆ ಉಪಾಯವಿಲ್ಲ. ಬಿಳಿ ಮಗ್ಗುಲಿನ ಚರ್ಮ ತೆಳು. ಅದರ ಪರೆಯನ್ನು, ಅಂದರೆ ಮೈಮೇಲಿನ ಹುರುಪೆಯನ್ನು, ಕತ್ತಿಯಿಂದ ಕೆರೆದರೆ ಸಾಕು, ಸುಲಿಯಬೇಕಾಗಿಲ್ಲ. ಆ ಚರ್ಮ ಉಳಿದರೆ ಮೀನು ಕಾವಲಿಯಲ್ಲಿ ಒಡೆಯುವುದಿಲ್ಲ. ಕೊನೆಗೆ ಎರಡೂ ಅಂಚಿನ ರೆಕ್ಕೆಯನ್ನು ಕತ್ತರಿಯಿಂದ ಕತ್ತರಿಸಿ, ಉಪ್ಪು ನೀರಿನಲ್ಲಿ ಒಮ್ಮೆ ತೊಳೆಯಿರಿ. ಹತ್ತು ಸಲ ತೊಳೆದರೆ ರುಚಿಯೂ ನೀರಿನೊಟ್ಟಿಗೆ ಹೋಗುತ್ತದೆ.

"ಫ್ರಿಜ್ಜಲ್ಲಿ ಎಷ್ಟು ದಿನ ಇಡಬಹುದು?"

ಸುಲಿದು, ನೀರು ಒರೆಸಿ, ಮುಚ್ಚಿದ ಡಬ್ಬಿಯಲ್ಲಿಟ್ಟು ಮಾರನೆಯ ದಿನಕ್ಕೆ ಮುಗಿಸಿ. ಫ್ರೀಜರಿನಲ್ಲಿ ಇಡಬಹುದು, ಆದರೆ ತೆಳು ಮೀನಾದ್ದರಿಂದ ಒಣಗಿ ನಾರಾಗುತ್ತದೆ. ಇಡಲೇಬೇಕೆಂದರೆ ಮೀನು ಮುಳುಗುವಷ್ಟು ನೀರು ಹಾಕಿ ಗಡ್ಡೆ ಕಟ್ಟಿಸಿ.

## ಅಡುಗೆ

"ನಂಗ್ ಫ್ರೈ ನಿಮ್ಮ ಮನೆಯಲ್ಲಿ ಹೇಗೆ ಮಾಡ್ತೀರಿ?"

ಅರ್ಧ ಕಿಲೋ ಸುಲಿದ ನಂಗಿಗೆ 10 ಬ್ಯಾಡಗಿ ಮೆಣಸು, 1 ಚಮಚ ಕೊತ್ತಂಬರಿ, ಅರ್ಧ ಚಮಚ ಜೀರಿಗೆ, 8 ಕಾಳುಮೆಣಸು, 5 ಎಸಳು ಬೆಳ್ಳುಳ್ಳಿ, ಗೋಲಿಯಷ್ಟು ಹುಣಸೆ ಹುಳಿ, ಕಾಲು ಚಮಚ ಅರಶಿನ, ಉಪ್ಪು. ಮೆಣಸನ್ನು ಬಿಸಿನೀರಿನಲ್ಲಿ ನೆನೆಸಿ, ಎಲ್ಲವನ್ನೂ ಆದಷ್ಟು ಕಡಿಮೆ ನೀರಿನಲ್ಲಿ ನುಣ್ಣಗೆ ಅರೆಯಿರಿ. ಮಸಾಲೆ ನೀರಾದರೆ ಮೀನಿಗೆ ಹಿಡಿಯುವುದಿಲ್ಲ.

ತೆಳುವಾಗಿ ಹಚ್ಚಿ. ಇದು ನನ್ನ ಹಟವೆಂದೇ ತಿಳಿಯಿರಿ: ಅಂಜಲ್ ಮೀನಿಗೆ ಹಚ್ಚುವಷ್ಟು ಮಸಾಲೆಯನ್ನು ನಂಗಿಗೆ ಹಚ್ಚಿದರೆ ಬಾಯಿಗೆ ಸಿಗುವುದು ಮಸಾಲೆ ಮಾತ್ರ, ಮೀನು ಎಲ್ಲಿಯೂ ಇರುವುದಿಲ್ಲ. 20 ನಿಮಿಷ ಬಿಟ್ಟು, ಎರಡೂ ಬದಿ ಚಿರೋಟಿ ರವೆಯಲ್ಲಿ ಅದ್ದಿ, ಕಾವಲಿಗೆ ತೆಂಗಿನೆಣ್ಣೆ ಹಾಕಿ ಹದ ಉರಿಯಲ್ಲಿ ಒಂದೊಂದು ಬದಿ 2ರಿಂದ 3 ನಿಮಿಷ. ಅಂಚು ಗರಿಗರಿಯಾಗಬೇಕು, ನಡುವೆ ಮೆದು ಇರಬೇಕು. ಇಳಿಸುವ ಮೊದಲು ಎಣ್ಣೆಗೆ ಒಂದೆಸಳು ಕರಿಬೇವು.

"ತವಾಕ್ಕೆ ಅಂಟಿ ಪುಡಿಪುಡಿ ಆಗ್ತದಲ್ಲ?"

ಎಣ್ಣೆ ಕಾಯುವ ಮೊದಲೇ ಮೀನು ಹಾಕಿರುತ್ತೀರಿ, ಇಲ್ಲವೇ ಬೇಗ ಮಗುಚಿರುತ್ತೀರಿ. ಬಿಳಿ ಚರ್ಮದ ಬದಿ ಮೊದಲು ಕಾವಲಿಗೆ ತಾಗಲಿ. ಅದು ಕೆಂಪಾದ ಮೇಲೆ ತಾನಾಗಿಯೇ ಬಿಟ್ಟುಕೊಳ್ಳುತ್ತದೆ. ಸಟ್ಟುಗ ಒಂದೇ ಸಲ ಆಡಲಿ. ಹಳೆಯ ಕಬ್ಬಿಣದ ಕಾವಲಿ ಇದ್ದರೆ ಅದಕ್ಕಿಂತ ಒಳ್ಳೆಯದಿಲ್ಲ.

"ಸಾರು ಮಾಡಬಹುದಾ, ಬರೀ ಫ್ರೈ ಮಾತ್ರನಾ?"

ಪುಳಿಮುಂಚಿ ಮಾಡಿ ನೋಡಿ. ತುಳುವಿನಲ್ಲಿ ಪುಳಿ ಅಂದರೆ ಹುಳಿ, ಮುಂಚಿ ಅಂದರೆ ಮೆಣಸು. ತೆಂಗಿನಕಾಯಿ ಇಲ್ಲ. 12 ಮೆಣಸು, 1 ದೊಡ್ಡ ಚಮಚ ಕೊತ್ತಂಬರಿ, ಜೀರಿಗೆ, ಕಾಳುಮೆಣಸು, ನಾಲ್ಕು ಕಾಳು ಮೆಂತೆ, ಚಿಟಿಕೆ ಓಮ ಹುರಿದು, ಬೆಳ್ಳುಳ್ಳಿ, ಅರ್ಧ ಈರುಳ್ಳಿ, ನಿಂಬೆ ಗಾತ್ರದ ಹುಳಿಯೊಂದಿಗೆ ಅರೆಯಿರಿ. ಮಣ್ಣಿನ ಪಾತ್ರೆಯಲ್ಲಿ ಶುಂಠಿ, ಹಸಿಮೆಣಸು ಹಾಕಿ ಮಸಾಲೆಯನ್ನು ಚೆನ್ನಾಗಿ ಕುದಿಸಿ, ಹಸಿ ವಾಸನೆ ಹೋಗಿ ದಪ್ಪವಾದ ಮೇಲೆ ಮೀನು ಹಾಕಿ. 4 ನಿಮಿಷ ಸಾಕು. ಸೌಟು ಹಾಕಬೇಡಿ, ಪಾತ್ರೆಯ ಎರಡು ಬದಿ ಬಟ್ಟೆಯಲ್ಲಿ ಹಿಡಿದು ಕುಲುಕಿಸಿ. ಬೆಳಗ್ಗೆ ಮಾಡಿದ್ದು ರಾತ್ರಿಗೆ ಇನ್ನೂ ಚೆನ್ನ, ನೀರುದೋಸೆಗೆ ಹೇಳಿ ಮಾಡಿಸಿದ್ದು.

ಕೊಂಕಣಿ ಮನೆಗಳಲ್ಲಿ ಬಂಗುಡೆ, ಬೂತಾಯಿ ಸಾರಿಗೆ ಜುಮ್ಮನಕಾಯಿ ಎಂಬ ಘಾಟು ಪರಿಮಳದ ಮಸಾಲೆ ಕಾಯಿ ಹಾಕುತ್ತಾರೆ. ಎಣ್ಣೆ ಮೀನಿನ ವಾಸನೆಗೆ ಅದು ಬೇಕು. ನಂಗಿಗೆ ಅದರ ಅಗತ್ಯ ನನಗೆ ಕಂಡಿಲ್ಲ.

"ಮಕ್ಕಳಿಗೆ ಕೊಡಬಹುದಾ? ಮುಳ್ಳು ಜಾಸ್ತಿನಾ?"

ನಡುವೆ ಒಂದು ಬಾಚಣಿಗೆಯಂಥ ಮುಳ್ಳು, ಅಂಚಿನಲ್ಲಿ ರೆಕ್ಕೆಯ ಸಣ್ಣ ಮುಳ್ಳುಗಳು, ಅಷ್ಟೇ. ಅಂಚನ್ನು ಮೊದಲು ತೆಗೆದು ಬದಿಗಿಡಿ. ಆಮೇಲೆ ನಡುಗೆರೆಯಿಂದ ಹೊರಕ್ಕೆ ಬೆರಳಿನಲ್ಲಿ ಒತ್ತಿದರೆ ಮಾಂಸ ಪಟ್ಟಿಯಾಗಿ ಬಿಡುತ್ತದೆ, ಮೇಲೆ ಎರಡು, ಕೆಳಗೆ ಎರಡು. ಚಿಕ್ಕ ಮಕ್ಕಳಿಗೆ ಕೊಡುವ ಮೊದಲು ಆ ಪಟ್ಟಿಯನ್ನು ಬೆರಳಿನಲ್ಲಿ ಹಿಸುಕಿ ನೋಡುವುದು ಒಳ್ಳೆಯದು.

"ಒಣ ನಂಗ್ ತಂದಿದ್ದೇನೆ, ಎಂತ ಮಾಡುದು?"

ಒಳ್ಳೆಯ ಕೆಲಸ ಮಾಡಿದ್ದೀರಿ. ಮಳೆಗಾಲದ ಆಟಿ ತಿಂಗಳಲ್ಲಿ ಕಡಲು ಮುಚ್ಚಿರುವಾಗ ಕುಚ್ಚಲಕ್ಕಿ ಗಂಜಿಗೆ ಜೊತೆಯಾಗುತ್ತಿದ್ದದ್ದು ಇದೇ. ತಲೆ, ಬಾಲ ಮುರಿದು ತೆಗೆಯಿರಿ. ಚಟ್ನಿಗಾದರೆ ನೆನೆಸದೆ ಕೆಂಡದ ಮೇಲೆ ಅಥವಾ ಕಾವಲಿಯಲ್ಲಿ ಗರಿಯಾಗುವಷ್ಟು ಸುಟ್ಟು, ತೆಂಗಿನತುರಿ, ಸುಟ್ಟ ಒಣಮೆಣಸು, ಹುಳಿ, ಬೆಳ್ಳುಳ್ಳಿ ಜೊತೆ ತರಿತರಿಯಾಗಿ ಅರೆಯಿರಿ. ಉಪ್ಪನ್ನು ಕೊನೆಗೆ ರುಚಿ ನೋಡಿ ಹಾಕಿ, ಮೀನಿನಲ್ಲೇ ಸಾಕಷ್ಟಿರುತ್ತದೆ. ಸಾರಿಗಾದರೆ 10 ನಿಮಿಷ ಬಿಸಿನೀರಿನಲ್ಲಿ ನೆನೆಸಿ, ಹಲಸಿನ ಬೀಜ, ಮಾವಿನಕಾಯಿ ಹೋಳಿನ ಜೊತೆ ಬೇಯಿಸಿ. ವಾಸನೆಗೆ ಪಕ್ಕದ ಮನೆಯವರಿಗೂ ಸುದ್ದಿ ತಲುಪುತ್ತದೆ, ಸ್ವಲ್ಪ ಹೆಚ್ಚೇ ಮಾಡಿ.

"ಬೆಂಗಳೂರಲ್ಲಿ ಸೋಲ್ ಅಂತ ಬಿಳಿ ಫಿಲೆಟ್ ಸಿಗುತ್ತೆ, ಅದೇನಾ ಇದು?"

ಅಲ್ಲ. ಸಣ್ಣ ನಂಗಿನಿಂದ ಅಷ್ಟು ದಪ್ಪದ ತುಂಡು ತೆಗೆಯಲು ಸಾಧ್ಯವೇ ಇಲ್ಲ. ದಪ್ಪ, ಉದ್ದ, ಅಗ್ಗದ ಬಿಳಿ ಫಿಲೆಟ್ ಎಂದರೆ ಬಾಸಾ ಇರುವ ಸಾಧ್ಯತೆ ಹೆಚ್ಚು. ಅದು ಸಿಹಿನೀರಿನಲ್ಲಿ ಸಾಕುವ ಮೀನು. ಇಂಗ್ಲೆಂಡಿನಲ್ಲಿರುವವರು ಡೋವರ್ ಸೋಲ್ ತಂದು ಮೇಲಿನ ಮಸಾಲೆಯಲ್ಲೇ ಕಾಯಿಸಬಹುದು. ಅದನ್ನೂ ಚರ್ಮ ಎಳೆದೇ ಸುಲಿಯುವುದು, ಆದರೆ ಸಾಮಾನ್ಯವಾಗಿ ಬಾಲದಿಂದ ತಲೆಯ ಕಡೆಗೆ. ದಪ್ಪ ಮೀನಾದ್ದರಿಂದ ಒಂದೊಂದು ಬದಿಗೆ ಇನ್ನೆರಡು ನಿಮಿಷ ಹೆಚ್ಚು ಬೇಕು. ಅದರ ಕಣ್ಣುಗಳು ಬಲಬದಿಯಲ್ಲಿರುತ್ತವೆ, ನಮ್ಮ ನಂಗಿನವು ಎಡಬದಿಯಲ್ಲಿ.

## ಇನ್ನೂ ಆಳಕ್ಕೆ

"ನಂಗಿನ ವಯಸ್ಸು ಕಂಡುಹಿಡಿಯಲು ಆಗ್ತದಾ?"

ಆಗುತ್ತದೆ, ಪರೆಯಿಂದ. ಚಳಿಯ ದೇಶಗಳಲ್ಲಿ ಚಳಿಗಾಲಕ್ಕೆ ಮೀನಿನ ಬೆಳವಣಿಗೆ ನಿಧಾನವಾಗಿ ಪರೆಯ ಮೇಲೆ ವರ್ಷಕ್ಕೊಂದು ಗೆರೆ ಬೀಳುತ್ತದೆ. ಚಳಿಯೇ ಇಲ್ಲದ ನಮ್ಮ ಕಡಲಿನ ಮೀನಿಗೆ ಅಂಥ ಗೆರೆ ಹೇಗೆ ಬೀಳಬೇಕು? 1951ರಲ್ಲಿ ಶೇಷಪ್ಪ ಮತ್ತು ಭೀಮಾಚಾರ್ ಎಂಬ ಇಬ್ಬರು ವಿಜ್ಞಾನಿಗಳು ಮಲಬಾರಿನ ನಂಗಿನ ಪರೆಯಲ್ಲಿ ಗೆರೆಯನ್ನು ಗುರುತಿಸಿ, ಅದು ಮಳೆಗಾಲದ ಹಸಿವಿನ ಗುರುತು ಎಂದು ತೋರಿಸಿದರು. ತಳದ ಹುಳು ಸಿಗದ ಆ ತಿಂಗಳುಗಳಲ್ಲಿ ಮೀನು ಬೆಳೆಯುವುದಿಲ್ಲ. ಮಳೆಗಾಲವನ್ನು ಒಂದು ಮೀನು ಮೈಮೇಲೆ ಬರೆದಿಟ್ಟುಕೊಳ್ಳುತ್ತದೆ ಎಂದು ತಿಳಿದ ದಿನ ಪರೆ ಕೆರೆಯುತ್ತಿದ್ದ ಕತ್ತಿಯನ್ನು ಬದಿಗಿಟ್ಟು, ಒಂದು ಪರೆಯನ್ನು ಬೆಳಕಿಗೆ ಹಿಡಿದು ನೋಡಿದ್ದೆ. ಬರಿಗಣ್ಣಿಗೆ ಏನೂ ಕಾಣಲಿಲ್ಲ.

"ಅರ್ಧ ತಿರುಗಿದ ಕಣ್ಣಿಂದ ಯಾವ ಮೀನಿಗೆ ಏನು ಲಾಭ? ವಿಕಾಸವಾದ ಇಲ್ಲಿ ಸೋಲಲ್ವಾ?"

ಇದನ್ನೇ 1871ರಲ್ಲಿ ಸೇಂಟ್ ಜಾರ್ಜ್ ಮಿವಾರ್ಟ್ ಎಂಬುವವರು ಡಾರ್ವಿನ್ನರ ವಿರುದ್ಧ ಎತ್ತಿದ್ದರು. ಮರುವರ್ಷ ಡಾರ್ವಿನ್ ಉತ್ತರ ಕೊಟ್ಟರಾದರೂ ಕೈಯಲ್ಲಿ ಹಿಡಿದು ತೋರಿಸುವ ಪುರಾವೆ ಆಗ ಇರಲಿಲ್ಲ. 2008ರಲ್ಲಿ ಮ್ಯಾಟ್ ಫ್ರೀಡ್‌ಮನ್ ಸುಮಾರು 5 ಕೋಟಿ ವರ್ಷ ಹಳೆಯ ಪಳೆಯುಳಿಕೆಗಳನ್ನು ಪರಿಶೀಲಿಸಿದರು. ಅವುಗಳಲ್ಲಿ ಒಂದು ಕಣ್ಣು ತಲೆಯ ನೆತ್ತಿಯ ಕಡೆಗೆ ಸರಿದಿತ್ತು, ಆದರೆ ಆಚೆಬದಿಗೆ ದಾಟಿರಲಿಲ್ಲ. ಬೆಳೆದ ಮೀನುಗಳೇ ಅವು. ಅಂದರೆ ಅರ್ಧ ತಿರುಗಿದ ಕಣ್ಣಿನಲ್ಲೇ ಅವು ಬಾಳಿ ಬದುಕಿದ್ದವು.

"ಮೊದಲಿನ ಹಾಗೆ ದೊಡ್ಡ ನಂಗ್ ಈಗ ಸಿಗುದಿಲ್ಲ, ಯಾಕೆ?"

ಒಂದೇ ಕಾರಣ ಹೇಳಿ ಮುಗಿಸುವ ವಿಷಯವಲ್ಲ. ಆದರೆ ಕಣ್ಣಿಗೆ ಕಾಣುವ ಒಂದು ಕಾರಣ ಇದೆ. ಸಣ್ಣ ಕಣ್ಣಿನ ಟ್ರಾಲ್ ಬಲೆ ತಳವನ್ನೇ ಗುಡಿಸುತ್ತದೆ, ಮೊಟ್ಟೆಯಿಡುವ ವಯಸ್ಸಿಗೆ ಬಾರದ ಮರಿಗಳೂ ಅದರಲ್ಲಿ ಬರುತ್ತವೆ. ಮಾರ್ಕೆಟ್ಟಿನಲ್ಲಿ ಬೆಲೆಯಿಲ್ಲದ ಆ ಮರಿಗಳು ಇತರ ಸಣ್ಣ ಮೀನುಗಳ ಜೊತೆ ಮೀನನ್ನು ಒಣಗಿಸಿ ಪುಡಿ ಮಾಡುವ ಫಿಶ್‌ಮೀಲ್ ಕಾರ್ಖಾನೆಗೆ ಹೋಗುತ್ತವೆ. ಎರಡು ಬೋಟು ಕೂಡಿ ಒಂದೇ ಬಲೆ ಎಳೆಯುವ ಬುಲ್ ಟ್ರಾಲಿಂಗನ್ನೂ ಬೆಳಕು ಹಾಯಿಸಿ ಮೀನು ಹಿಡಿಯುವುದನ್ನೂ ಕೇಂದ್ರ ಸರ್ಕಾರ 2017ರ ನವೆಂಬರಿನಲ್ಲಿ ನಿಷೇಧಿಸಿತು. ನಾವು ತಿನ್ನುವವರು ಮಾಡಬಹುದಾದದ್ದು ಬೆರಳುದ್ದದ ನಂಗನ್ನು ಅಗ್ಗಕ್ಕೆ ಸಿಕ್ಕಿದರೂ ಕೊಳ್ಳದಿರುವುದು. ಆ ಮರಿಯಲ್ಲಿ ಸುಲಿದ ಮೇಲೆ ಉಳಿಯುವುದು ಮುಳ್ಳು ಮಾತ್ರ.

"ಮೊಟ್ಟೆ ಇರುವ ನಂಗ್ ಸಿಕ್ಕಿದ್ರೆ ಮೊಟ್ಟೆ ಬಿಸಾಡ್ಬೇಕಾ?"

ಬಿಸಾಡಬೇಡಿ. ಅದು ಹೊಟ್ಟೆಯಿಂದ ಬಾಲದ ಕಡೆಗೆ ಉದ್ದಕ್ಕೆ ಚಾಚಿಕೊಂಡಿರುವ ತೆಳು ಹಳದಿ ಎಳೆ. ಕರುಳು ತೆಗೆಯುವಾಗ ಕೈ ನಿಧಾನ ಮಾಡಿದರೆ ಮೀನಿನಲ್ಲೇ ಉಳಿಯುತ್ತದೆ. ಹಾಗೆಯೇ ಮಸಾಲೆ ಹಚ್ಚಿ ಕಾಯಿಸಿ. ನಮ್ಮ ಮನೆಯಲ್ಲಿ ಆ ನಂಗ್ ಕಾವಲಿಯಿಂದ ಇಳಿಯುವ ಮೊದಲೇ ಯಾರಿಗೆ ಎಂದು ತೀರ್ಮಾನವಾಗಿರುತ್ತದೆ.